ಡಬ್ಬ ಬಿಚ್ಚುವ ಮುಂಚಿನ ಓದು

ಶಾಲೆಗೆ ಮೊದಲು ಬಂದದ್ದು ಟಿವಿ. ಅಥವಾ ಹೊಸ ಬೆಂಚುಗಳು ಬಂದದ್ದು ಟಿವಿಗಿಂತ ಮೊದಲೋ ಏನೋ. ಈ ವಿಷಯದಲ್ಲಿ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ನಾನು ಹೇಳಹೊರಟ ದಿನ ಟಿವಿಯ ಡಬ್ಬವನ್ನು ಇನ್ನೂ ಬಿಚ್ಚಿರಲಿಲ್ಲ ಎಂಬುದಷ್ಟೇ ಖಚಿತ.

ಹಳ್ಳಿಮೈಸೂರಿನ ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ ನಾನು ಆಗ ಅತಿಥಿ ಶಿಕ್ಷಕ. ಅಲ್ಲಿನ ಮುಖ್ಯೋಪಾಧ್ಯಾಯಿನಿಗೆ ಒಂದು ಅಭ್ಯಾಸವಿತ್ತು. ಅನುದಾನದಲ್ಲಿ ಬಣ್ಣ, ಬೆಂಚು, ಏನೇ ಬರಲಿ, ಅದನ್ನು ಬಳಸುವ ಮುಂಚೆ ಒಮ್ಮೆ, ತಿಂಗಳು ಕಳೆದು ಮತ್ತೊಮ್ಮೆ, ನಾಲ್ಕನೇ ತರಗತಿಯ ಮಕ್ಕಳಿಂದ ಪಠ್ಯದ ಒಂದೇ ಪುಟವನ್ನು ಓದಿಸುತ್ತಿದ್ದರು. "ಓದ್ಸಿ ನೋಡಾನ, ಏನಾಯ್ತದೆ" ಎಂದು ಕನ್ನಡಕವನ್ನು ಹಣೆಗೇರಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು.

ಟಿವಿ ಬಂದ ದಿನವೂ ಓದಿಸಿದರು. ಯಾವಾಗಲೂ ಎರಡನೇ ಸಾಲಿಗೇ ನಿಂತುಬಿಡುತ್ತಿದ್ದ ಹುಡುಗಿಯೊಬ್ಬಳು ಅಂದು ಇಡೀ ಪುಟ ಓದಿದಳು.

"ಎಂಗ್ ಬಂತೇ ನಿಂಗೆ?"

"ಗೊತ್ತಿಲ್ಲ ಮಿಸ್. ಸುಮ್ನೆ ಬಂತು."

ವರ್ಷದ ಕೊನೆಗೆ ತಪಾಸಣೆಗೆ ಬಂದ ಅಧಿಕಾರಿಯ ಎದುರೂ ಅವಳು ಓದಿದಳು. ಅವರಿಗೆ ಖುಷಿಯಾಯಿತು.

"ಟಿವಿಯಿಂದ ಅಂತ ಬರ್ದಾಕಿ ಮೇಡಂ. ಸೋರೋ ಛಾವಣಿಗೆ ಗ್ರಾಂಟು ಬೇಕೋ ಬ್ಯಾಡ್ವೋ?"

"ಅವ್ಳು ಓದ್ದಾಗ ಟಿವಿ ಡಬ್ಬದಲ್ಲೇ ಇತ್ತಲ್ಲ ಸಾ. ಡಬ್ಬ ನೋಡಿ ಕಲ್ತ್ಲು ಅಂತ ಬರೀಲಾ?"

ಅಧಿಕಾರಿ ನಕ್ಕರು. ಮುಖ್ಯೋಪಾಧ್ಯಾಯಿನಿ ನಗಲಿಲ್ಲ. ಅನುದಾನದ ನಮೂನೆಯ 'ಪ್ರಯೋಜನ' ಎಂಬ ಕಾಲಂನಲ್ಲಿ 'ಕಾರಣ ತಿಳಿದಿಲ್ಲ' ಎಂದು ಬರೆದು ಸಹಿ ಹಾಕಿದರು.

ಮರುವರ್ಷ ಛಾವಣಿಗೆ ಹಣ ಬರಲಿಲ್ಲ. ಆ ಎರಡು ಪದಗಳಿಂದಲೇ ಬರಲಿಲ್ಲವೆಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಮುಖ್ಯೋಪಾಧ್ಯಾಯಿನಿ ಕೇಳಿಸಿಕೊಂಡಿದ್ದರೆ ಕನ್ನಡಕವನ್ನು ಹಣೆಗೇರಿಸಿ, "ಎಂಗ್ ಗೊತ್ತು ನಿಮ್ಗೆ?" ಎನ್ನುತ್ತಿದ್ದರು. ಹಣ ಯಾಕೆ ಬರಲಿಲ್ಲವೋ, ಹುಡುಗಿ ಹೇಗೆ ಓದಿದಳೋ, ನನಗೆ ಗೊತ್ತಿಲ್ಲ.