ಮಾಹಿತಿದಾರ ಹದಿನಾಲ್ಕು
ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ನಡುವೆ ಕ್ಯಾಂಟೀನ್ ನೋಡಿಕೊಳ್ಳುವ ತಾರಾನಾಥನಿಗೆ ಇಡ್ಲಿಗಿಂತ ಸಮಾಜಶಾಸ್ತ್ರದ ಒಂದು ಸಂಶೋಧನಾ ಪತ್ರಿಕೆಯದೇ ಚಿಂತೆ. ಹೋಟೆಲ್ ಕೆಲಸಗಾರರ ಬಗ್ಗೆ ಕಾಲೇಜಿನ ಮೇಡಂ ಒಬ್ಬರು ಅದರಲ್ಲಿ ಬರೆದ ಲೇಖನದ 'ಮಾಹಿತಿದಾರ ಹದಿನಾಲ್ಕು' ಅವನೇ. ಅದನ್ನು ಎಷ್ಟು ಸಂಶೋಧಕರು ಉಲ್ಲೇಖಿಸಿದರೆಂದು ಪ್ರತಿ ಸೋಮವಾರ ಮಗಳು ಅನುಷ್ಕಾಳಿಂದ ಕಂಪ್ಯೂಟರಿನಲ್ಲಿ ನೋಡಿಸುತ್ತಾನೆ. "ತೇಯೀಸ್ ಹೋ ಗಯಾ ಪಪ್ಪಾ, ಪರ್ ನಾಮ್ ತೋ ಮೇಡಂ ಕಾ ಹೈ," ಎಂದು ಅವಳು ಹಿಂದಿಯಲ್ಲಿ ಅಂದರೆ, "ಹೆಸರು ಮೇಡಂದಾದರೂ ಮಾತು ಯಾರದ್ದು ಮಾರಾಯ್ತಿ?" ಎನ್ನುತ್ತಾನೆ. ಆ ಇಪ್ಪತ್ತಮೂರನೆಯ ಉಲ್ಲೇಖ ಜರ್ಮನಿಯದೆಂದು ತಿಳಿದ ದಿನ ಗಿರಾಕಿಗಳ ತಟ್ಟೆಗೆ ಕೇಳದೆಯೇ ಎರಡನೇ ಸೌಟು ಸಾಂಬಾರ್ ಬಿತ್ತು. ಅಷ್ಟು ಜನ ಎತ್ತಿ ಬರೆದ ಮಾತು ಯಾವುದೆಂದು ಮಾತ್ರ ಅವನು ಮನೆಯಲ್ಲಿ ಹೇಳಿರಲಿಲ್ಲ. ಕೊನೆಗೆ ಅನುಷ್ಕಾಳೇ ಲೇಖನ ತೆರೆದು ಓದಿದಳು: "ಇಪ್ಪತ್ತೆಂಟು ವರ್ಷದಲ್ಲಿ ನನ್ನ ಬಗ್ಗೆ ಕೂತು ಕೇಳಿದವರು ನೀವೇ ಮೊದಲು." ಈಗ ಸೋಮವಾರ ಸಂಖ್ಯೆ ಹೇಳಿದ ಮೇಲೂ ಅವಳು ಎದ್ದು ಹೋಗುವುದಿಲ್ಲ.