ಹೊಳಬಸಪ್ಪನ ಅಂಜಿಕೆ

ಮೊರಬದಲ್ಲಿ ಜೋಳ ತುಂಬಿಡುವ ಹಗೇವುಗಳು ಈಗ ಎರಡೇ ಉಳಿದಿವೆ. ನೆಲದಡಿಯ ಆ ಕಣಜಗಳೊಳಗೆ ಇಳಿಯಬಲ್ಲವನು ಒಬ್ಬನೇ, ಅರವತ್ತೆರಡರ ಹೊಳಬಸಪ್ಪ. ಇಳಿಯುವ ಮೊದಲು ಅವನು ಹಗೇವಿನ ಬಾಯಿಯ ಅಂಚಿಗೆ ಕೂತು ಕಣ್ಣು ಮುಚ್ಚುತ್ತಿದ್ದ. ಉಸಿರು ತಗ್ಗುತ್ತಿತ್ತು, ಮುಖ ಗಾಳಿಯಿಲ್ಲದ ಹೊತ್ತಿನ ಕೆರೆಯಂತಾಗುತ್ತಿತ್ತು. ‘ಅವನ ಧ್ಯಾನಕ್ಕ ವಿಷಗಾಳಿ ಸುದ್ದಾ ಬಾಜು ಸರೀತೈತಿ’ ಎಂದು ಊರು ನಂಬಿತ್ತು.

ಮುಚ್ಚುಗಲ್ಲು ತೆಗೆದು ಎರಡು ದಿನ ಹಾಗೇ ಬಿಡುವುದು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ ನೋಡುವುದು, ಅದು ಆರದೆ ಉರಿದರಷ್ಟೇ ಇಳಿಯುವುದು ಅವನ ಅಪ್ಪ ಕಲಿಸಿದ ಕ್ರಮ. ಅದನ್ನು ಯಾರೂ ಲಕ್ಷ್ಯಕ್ಕೆ ತೆಗೆದುಕೊಂಡಿರಲಿಲ್ಲ. ಹೊಳಬಸಪ್ಪನೂ ಯಾರನ್ನೂ ತಿದ್ದಲಿಲ್ಲ. ಶಾಲೆಯ ಪ್ರತಾಪ ಮಾಸ್ತರ ಮೂರು ವರ್ಷದಿಂದ ದಿನಾ ಬೆಳಿಗ್ಗೆ ಬಂದು, ಕಾಲು ಮುಟ್ಟಿ, ಅವನ ಜೊತೆ ಧ್ಯಾನಕ್ಕೆ ಕೂಡುತ್ತಿದ್ದಾಗಲೂ ಸುಮ್ಮನಿದ್ದ.

ಒಂದು ಮಧ್ಯಾಹ್ನ, ಉಳಿದೆರಡು ಹಗೇವುಗಳಲ್ಲಿ ಒಂದರ ಒಡೆಯ ಮೈಲಾರಪ್ಪ ಅದನ್ನು ತೆಗೆಸಿ ಹೊಳಬಸಪ್ಪನಿಗೆ ಹೇಳಿಕಳಿಸಿದ. ತೆಗೆಯುವಾಗ ಮುಚ್ಚುಗಲ್ಲು ಒಡೆದಿತ್ತು. ನವಲಗುಂದದ ದಿಕ್ಕಿಗೆ ಆಕಾಶ ಕಪ್ಪಿಟ್ಟಿತ್ತು. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಮಳೆ ಬಿದ್ದರೆ ಜೋಳವೆಲ್ಲ ಕೊಳೆಯುವುದು ಖಂಡಿತ.

ಹೊಳಬಸಪ್ಪ ಕಂದೀಲು ಇಳಿಸಿದ. ಆಳೆತ್ತರ ಇಳಿಯುವಷ್ಟರಲ್ಲಿ ಉರಿ ಕುಗ್ಗಿ ಸತ್ತಿತು. ಮತ್ತೆ ಹಚ್ಚಿ ಇಳಿಸಿದ. ಮತ್ತೆ ಸತ್ತಿತು.

“ಇವತ್ತ ಬ್ಯಾಡ. ನಾಡದ ನೋಡೂಣು,” ಎಂದ.

“ಮಳಿ ನಿನ್ನ ಕೇಳಿ ಬರತೈತೇನ್ಲೇ?” ಮೈಲಾರಪ್ಪ ಸಿಡುಕಿದ. “ಕುಂದ್ರು, ಕಣ್ಣ ಮುಚ್ಚು, ಇಳಿ. ಏನು, ವಯಸ್ಸಾತಂತ ಧ್ಯಾನಾನೂ ಸವದೈತೇನು?”

ಪ್ರತಾಪ ಮಾಸ್ತರನನ್ನು ಬಿಟ್ಟು ನೆರೆದವರೆಲ್ಲ ನಕ್ಕರು. ಹೊಳಬಸಪ್ಪ ಕೂತು ಕಣ್ಣು ಮುಚ್ಚಿದ. ಒಳಗೊಂದು ಯೋಚನೆ ಎದ್ದಿತು: ನಲವತ್ತು ವರ್ಷ ಏನೂ ಆಗಿಲ್ಲ, ನಿನಗೆ ಏನಾದೀತು? ಅದು ಅವನದೇ ದನಿಯಲ್ಲಿ, ಬಲು ಮೆತ್ತಗೆ ಮಾತಾಡುತ್ತಿತ್ತು. ಕಾಲುಗಳು ಆಗಲೇ ಇಳಿಯಲು ಹಗುರಾಗಿದ್ದವು. ಅವನು ಆ ಯೋಚನೆಯನ್ನು ಬಹಳ ಹೊತ್ತು ನೋಡಿದ.

ಕಣ್ಣು ತೆರೆದಾಗ ಪ್ರತಾಪ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಒಂದು ಕಾಲು ಒಳಗಿಟ್ಟಿದ್ದ.

“ಕಾಕಾ, ನಾ ಇಳೀತೀನ್ರಿ. ನಿಮ್ಮ ಕೂಡ ಕುಂತು ನನಗೂ ಬಂದೈತ್ರಿ. ಮನಸ್ಸು ಗಟ್ಟಿ ಇದ್ರ ಗಾಳಿ ಏನ್ ಮಾಡತೈತ್ರಿ?”

ಮಾಸ್ತರನ ಮುಖದಲ್ಲಿ ಭಯದ ಸುಳಿವೇ ಇರಲಿಲ್ಲ. ಅದನ್ನು ಕಂಡು ಹೊಳಬಸಪ್ಪ ದಡಬಡಿಸಿ ಮುಂದೆ ಸರಿದ. ಬಗ್ಗಿ ಅವನ ಕಾಲನ್ನು ತಬ್ಬಿ ಹಿಡಿದ.

“ಮಾಸ್ತರ, ನನ್ನ ಹಂತೇಕ ಯಾವ ಶಕ್ತೀನೂ ಇಲ್ಲ. ಅಂಜಿಕಿ ಬರತಿತ್ತು, ಅದಕ್ಕ ಕುಂದ್ರತಿದ್ದೆ. ಅಂಜಿಕಿ ತಗ್ಗಿದ ಮ್ಯಾಲೆ ದೀಪಾ ನೋಡತಿದ್ದೆ. ದೀಪಾ ಆರಿದ ಹಗೇವಿನ್ಯಾಗ ಒಂದ್ ದಿನಾನೂ ಇಳದಿಲ್ಲ.”

ಗುಂಪಿನಲ್ಲಿ ಯಾರೋ ‘ಥೂ’ ಎಂದರು.

“ಮೂರು ವರ್ಷ ಯಾಕ ಹೇಳಲಿಲ್ರಿ?” ಪ್ರತಾಪ ಕೇಳಿದ.

“ನೀವು ಕಾಲು ಮುಟ್ಟೂದು ಚಲೋ ಅನಸ್ತಿತ್ತು.”

ಪ್ರತಾಪ ನಿಧಾನವಾಗಿ ಕಾಲು ಮೇಲೆಳೆದುಕೊಂಡ. ಹಗ್ಗ ಬಿಚ್ಚಿ ನೆಲಕ್ಕೆಸೆದು, ತಿರುಗಿ ನೋಡದೆ ಹೊರಟುಹೋದ.

ದಪ್ಪ ಹನಿಗಳು ಉದುರಿದವು. ಮೈಲಾರಪ್ಪ ಒಡೆದ ಕಲ್ಲನ್ನೇ ಹಗೇವಿನ ಬಾಯಿಗೆ ಮುಚ್ಚಿ, ಮೇಲೆ ತಾಡಪಾಲು ಎಳೆಯುತ್ತ ಹೊಳಬಸಪ್ಪನ ವಂಶವನ್ನೆಲ್ಲ ಬೈದ. ನೀರು ಸಂದಿಯಿಂದ ಇಳಿಯುತ್ತಲೇ ಇತ್ತು. ಒಬ್ಬೊಬ್ಬರಾಗಿ ಎಲ್ಲರೂ ಮನೆಗೆ ಓಡಿದರು. ಹೊಳಬಸಪ್ಪ ಮಾತ್ರ ಮಳೆಯಲ್ಲಿ ತೊಯ್ಯುತ್ತ ಅಲ್ಲೇ ಉಳಿದ, ಜೋಳದಾಸೆಗೆ ಇನ್ನಾರಾದರೂ ಇಳಿದಾರೆಂಬ ಅಂಜಿಕೆಗೆ.