ಲಂಡನ್ನಿಗೆ ಆರು ತಾಸು

ಆಗೆಲ್ಲ ನಮ್ಮ ಮೋಟೆಬೆನ್ನೂರಿನ ಮನೆಯಲ್ಲಿ ದೂರವನ್ನು ಅಳೆಯುತ್ತಿದ್ದುದು ತಾಸಿನಿಂದ. ಹಾವೇರಿ ಅರ್ಧ ತಾಸು, ಹುಬ್ಬಳ್ಳಿ ಎರಡು ತಾಸು. ನಮ್ಮವ್ವ ನರ್ಸ್ ಕೆಲಸಕ್ಕೆಂದು ಲಂಡನ್ನಿಗೆ ಹೊರಟ ಆ ಚಳಿಗಾಲದಲ್ಲೂ ಎಲ್ಲರೂ ಮೊದಲು ಕೇಳಿದ್ದು ಅದನ್ನೇ. ರಾಣೆಬೆನ್ನೂರಿನ ಬೀಜದಂಗಡಿಯಲ್ಲಿದ್ದ ಕಾಕಾ ಟಿಕೆಟ್ ನೋಡಿ, "ಬೆಂಗಳೂರು ಬಿಡೂದು ಮುಂಜಾನೆ ಏಳಕ್ಕ, ಲಂಡನ್ ಮುಟ್ಟೂದು ಮಧ್ಯಾಹ್ನ ಒಂದಕ್ಕ. ಆರ ತಾಸು! ನಮ್ಮೂರಿಂದ ಬೆಂಗಳೂರಿಗೆ ಬಸ್ಸಿಗೂ ಅಷ್ಟ ಬೇಕು" ಎಂದ. ನನಗೆ ಧೈರ್ಯ ಬಂತು. ಲಂಡನ್ ಬೆಂಗಳೂರಿನಷ್ಟೇ ದೂರ ಎಂದುಕೊಂಡೆ.

ಅವ್ವ ವಿಮಾನ ಹತ್ತಿದ ದಿನ ಅಜ್ಜಿ ಕಸಬರಿಗೆಯನ್ನು ಬಾಗಿಲ ಹಿಂದೆ ಇಟ್ಟುಬಿಟ್ಟಳು. ಹೋದವರು ಮುಟ್ಟಿದ ಸುದ್ದಿ ಬರುವ ತನಕ ಮನೆಯ ಕಸ ಹೊಡೆಯಬಾರದು. ಹೊಡೆದರೆ ಹೋದವರನ್ನೇ ಗುಡಿಸಿ ಹಾಕಿದ ಹಾಗೆ. ಪಡಸಾಲೆಯ ತುಂಬ ತೊಟ್ಟು ಬಿಡಿಸಲು ಹರವಿದ ಬ್ಯಾಡಗಿ ಮೆಣಸಿನಕಾಯಿ. ಘಾಟಿಗೆ ನಾನು ಸೀನಿದರೆ ಅಜ್ಜಿ ಬೆಚ್ಚಿ, "ಒಂಟಿ ಸೀನು ಬ್ಯಾಡ, ಇನ್ನೊಂದ ಸೀನು!" ಎನ್ನುತ್ತಿದ್ದಳು.

ಒಂದು ಗಂಟೆಯಾಯಿತು, ಎರಡಾಯಿತು. ಫೋನಿಲ್ಲ. ಅವ್ವನನ್ನು ಕಳಿಸಿ ಬಸ್ಸಿನಲ್ಲಿ ವಾಪಸು ಬರುತ್ತಿದ್ದ ಅಪ್ಪನ ಫೋನೂ ಹತ್ತಲಿಲ್ಲ. ಕಾಕಾ ಅಂಗಡಿ ಬಿಟ್ಟು ಬಂದ. ಟಿವಿ ಹಚ್ಚಿದವನು ವಾರ್ತೆ ಶುರುವಾಗುತ್ತಲೇ ಆರಿಸಿಬಿಟ್ಟ. ಶಾಲೆಯ ಗೋಡೆಯ ನಕಾಶೆಯಲ್ಲಿ ಸಮುದ್ರದ ನೀಲಿ ಎಷ್ಟೊಂದು ಇತ್ತು! ಅದರಲ್ಲಿ ಅವ್ವನನ್ನು ಎಲ್ಲಿ ಅಂತ ಹುಡುಕುವುದು?

"ಅವ್ವ ಎಲ್ಲಿ ಅದಾಳ ಅಜ್ಜಿ?"

"ದಾರ್ಯಾಗ ಅದಾಳ. ಅಳಬ್ಯಾಡ" ಎಂದಳು. ಅವಳ ಕೈ ಮಾತ್ರ ಒಂದೇ ಮೆಣಸಿನಕಾಯಿಯನ್ನು ತಿರುವುತ್ತಲೇ ಇತ್ತು. ತೊಟ್ಟು ಯಾವಾಗಲೋ ಬಿದ್ದಿತ್ತು.

ದೀಪ ಹಚ್ಚಿದ ಮೇಲೆ ಫೋನು ಬಂತು. "ಅತ್ತಿ, ಈಗ ಇಳದು ಹೊರಗ ಬಂದೇನ್ರಿ. ಇಲ್ಲೆ ಇನ್ನೂ ಮಧ್ಯಾಹ್ನ ಎರಡ ಗಂಟೆ, ಬಿಸಲೈತಿ."

ಕಾಕಾ ಹಣೆ ಬಡಿದುಕೊಂಡ. "ಅಯ್ಯ, ಅಲ್ಲಿ ಗಡಿಯಾರನ ಬ್ಯಾರೆ! ಒಂದ ಗಂಟೆ ಅಂತ ಟಿಕೆಟಿನ್ಯಾಗ ಬರದಿದ್ದು ಅವರ ಊರಿನ ಟೈಮ್!" ಆರು ತಾಸೆಂದು ನಾವು ನಂಬಿದ್ದ ದಾರಿ ಖರೇ ನೋಡಿದರೆ ಹನ್ನೊಂದೂವರೆ ತಾಸಿನದು.

ದೀಪ ಹಚ್ಚಿದ ಮೇಲೆ ಕಸ ಹೊಡೆದರೆ ಲಕ್ಷ್ಮಿ ಹೊರಟುಹೋಗುತ್ತಾಳೆ ಎನ್ನುತ್ತಿದ್ದವಳೂ ಅಜ್ಜಿಯೇ. ಕಸಬರಿಗೆ ಹಿಡಿದು ಅರೆಗಳಿಗೆ ನಿಂತಳು. "ನನ್ನ ಸೊಸಿ ಇದ್ದಲ್ಲೆ ಇನ್ನೂ ಹೊತ್ತು ಮುಳುಗಿಲ್ಲ" ಎಂದವಳೇ ಗುಡಿಸತೊಡಗಿದಳು. ಗುಡಿಸುತ್ತ ಅತ್ತಳು. ಕೇಳಿದರೆ ಮೆಣಸಿನಕಾಯಿ ಘಾಟು ಎಂದಳು.

ಮೊನ್ನೆ ಅದೇ ದಾರಿಯಲ್ಲಿ ನಾನೂ ಹಾರಿದೆ. ಎಂಟು ಸಾವಿರ ಕಿಲೋಮೀಟರು, ಎಷ್ಟು ಉಳಿದಿದೆ, ಎಷ್ಟು ತಾಸು ಎಂಬುದೆಲ್ಲ ಈಗ ಮೊಬೈಲಿನಲ್ಲೇ ಕಾಣುತ್ತದೆ. ಇಳಿದು ಫೋನು ಮಾಡಿದರೆ ಕಾಕಾ, "ಗೊತ್ತೈತಿ ಬಿಡು, ನೀ ಇಳದಿದ್ದು ನೋಡೇನಿ" ಎಂದ. ಅಜ್ಜಿ ಈಗಿಲ್ಲ. ನಾನು ಹೊರಟ ಮೇಲೆ ಮನೆಯ ಕಸ ಯಾವಾಗ ಹೊಡೆದಿರಿ ಎಂದು ಕೇಳಬೇಕೆನಿಸಿತು. ಕೇಳಲು ಹೆದರಿಕೆಯಾಯಿತು.